ಏಳು ದಿನ ಕಾಯುವ ಯಂತ್ರ

ಮಾರ್ಚ್ 4, ಬೆಳಗ್ಗೆ 11.10

ಈ ದಿನಚರಿಯನ್ನು ಎಂದೆಂದಿಗೂ ಓದದಿರುವ ಮಹಾಜನಗಳೇ, ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿರುವ ಹಿರಿಯರೇ, ಚಪ್ಪಾಳೆಗೆ ಕೈ ಎತ್ತಿರುವ ಕಿರಿಯರೇ — ಯಂತ್ರ ಓಡಿತು. ಐದನೆಯ ಪ್ರಯತ್ನ. ಎರಡನೆಯ ಕಾಫಿ.

ಕೆಲಸ ಇಷ್ಟೇ. ನಮ್ಮದು ಲಿಫ್ಟ್‌ಗಳ ಆ್ಯಪ್. ಒಳಗೆ ಸಿಕ್ಕಿಕೊಂಡವರು ಗುಂಡಿ ಒತ್ತಿದರೆ ಮೆಕ್ಯಾನಿಕ್‌ಗೆ ಸುದ್ದಿ ಹೋಗಬೇಕು. ಆ್ಯಪಿನ ಕೋಡು, ಅದರ ದೋಷಗಳ ದೂರು, ಎಲ್ಲ ಇರುವುದು ರೆಪೊ ಎಂಬ ಒಂದು ಉಗ್ರಾಣದಲ್ಲಿ. ಅದರ ಎಪಿಐಗೆ, ಅಂದರೆ ಪ್ರೋಗ್ರಾಮುಗಳು ಒಳಬರುವ ಬಾಗಿಲಿಗೆ, ನಾನು ಬರೆದ ಪ್ರೋಗ್ರಾಮನ್ನು — ಅದೇ ನನ್ನ ಯಂತ್ರ — ಜೋಡಿಸಿದ್ದೇನೆ. ಹೊಸ ದೂರು ಬಂದರೆ "ಯಾವ ಫೋನ್? ಯಾವಾಗ?" ಎಂದು ಕೇಳುತ್ತದೆ. ಏಳು ದಿನ ಉತ್ತರ ಬರದಿದ್ದರೆ ಮುಚ್ಚುತ್ತದೆ. ಮುಚ್ಚುವಾಗ ಹೇಳಲು ಪದ್ಯವನ್ನೂ ಕೊಟ್ಟಿದ್ದೇನೆ:

ಏಳು ದಿನ ಕಾದೆವು, ಉತ್ತರವ ಕಾಣೆವು,
ಬೇಸರಿಸದಿರಿ, ನಾವು ಬಾಗಿಲನು ಹಾಕಿದೆವು.

ಕನ್ನಡ ಮಾಧ್ಯಮದ ಪದವಿ. ಎಲ್ಲಿ ಹೋದೀತು.

ಯಂತ್ರಕ್ಕೆ ಬೇರೆ ಖಾತೆ ಬೇಕಿತ್ತು. ಮ್ಯಾನೇಜರ್ — ಬಾಯಿ ತೆರೆದರೆ "ಸ್ಟೇಟಸ್ ಏನು?", ಆದ್ದರಿಂದ ಅವರ ಹೆಸರೇ ಸ್ಟೇಟಸ್ — "ಅನುಮತಿಗೆ ಮೂರು ವಾರ ಆಗುತ್ತೆ. ಸದ್ಯಕ್ಕೆ ನಿಮ್ಮ ಖಾತೆಯ ಕೀಲಿ, ಆ ಟೋಕನ್ನೇ ಹಾಕಿಬಿಡಿ" ಎಂದರು. ಹಾಕಿದೆ. ಇನ್ನು ಯಂತ್ರ ಮಾಡಿದ್ದೆಲ್ಲ ನನ್ನ ಹೆಸರಿನಲ್ಲಿ, ನನ್ನ ಫೋಟೊದ ಜೊತೆ. ಇಬ್ಬರಿಗೂ ಒಂದೇ ಮುಖ.

ಸಂಜೆ 4.00

ಮೊದಲ ಗಿರಾಕಿ ಪಕ್ಕದ ಮೇಜಿನ ಟೆಸ್ಟರ್. ಒಂಬತ್ತು ವರ್ಷದ ನೆರೆಯವಳು. ತಪ್ಪು ಹುಡುಕುವ ಕಣ್ಣಿಗೆ ಆಫೀಸಿಟ್ಟ ಹೆಸರು ಭೂತಗನ್ನಡಿ. ದೂರು: ಒಂದೇ ನಿಮಿಷದಲ್ಲಿ ಎರಡು ಲಿಫ್ಟ್‌ನಿಂದ ಕರೆ ಬಂದರೆ ಎರಡನೆಯದು ಮಾಯ.

"ಒಂದೇ ನಿಮಿಷಕ್ಕೆ ಎರಡು ಲಿಫ್ಟ್ ಯಾಕ್ರೀ ಕೆಡುತ್ತೆ?"

"ಕರೆಂಟ್ ಹೋದ್ರೆ ಸರದಿ ಹಚ್ಚಿ ಒಂದೊಂದೇ ಕೆಡುತ್ತಾ, ಕವಿಗಳೇ?"

ಮಾರ್ಚ್ 12, ಸಂಜೆ 5.15

ನಿನ್ನೆ ಯಂತ್ರ ಅವಳ ದೂರನ್ನು ಪದ್ಯ ಸಮೇತ ಮುಚ್ಚಿದೆ.

"ನನ್ನ ದೂರು ಮುಚ್ಚೋಕೆ ನೀವ್ಯಾರ್ರೀ?"

"ನಾನಲ್ಲ, ಯಂತ್ರ. ಅದು ಕೇಳಿದ್ದಕ್ಕೆ ನೀವು ಉತ್ತರ ಕೊಡ್ಲಿಲ್ಲ."

"ಮತ್ತೆ ಫೋಟೊದಲ್ಲಿ ಹಲ್ಲು ಕಿರೀತಿರೋದು ಯಾರು, ಅದರ ಅಣ್ಣಾನಾ?"

ಐದು ಗಂಟೆಗೆ ಮತ್ತೆ ತೆರೆದಳು. "ದೋಷ ಹಾಗೇ ಇದೆ" ಎಂದು ಬರೆದಳು. ಯಂತ್ರ ಮತ್ತೆ ಅದೇ ಪ್ರಶ್ನೆ ಕೇಳಿತು; ಏಳು ದಿನದ ಎಣಿಕೆ ಮತ್ತೆ ಮೊದಲಿನಿಂದ. ನಾಳೆಯಿಂದ ಅವಳಿಗೆ ರಜೆ — ತಾಯಿಗೆ ಸೊಂಟದ ಆಪರೇಷನ್. "ನಾನು ಬರೋವರೆಗೆ ಯಂತ್ರಾನ ಹಿಡ್ಕೊಂಡಿರಿ" ಎಂದಳು. ಆಯ್ತು ಎಂದೆ.

ಮಾರ್ಚ್ 15

ಭಾನುವಾರ. ಹೆಂಡತಿಗೆ ಯಂತ್ರದ ಮಹಿಮೆ ವರ್ಣಿಸಿದೆ.

"ಅಡುಗೆಮನೆ ನಲ್ಲಿ ಸೋರ್ತಿದೆ ಅಂತ ತಿಂಗಳಿಂದ ಹೇಳ್ತಿದೀನಿ. ಉತ್ತರ ಕೊಡದೆ ಇರೋರು ನೀವು. ನಿಮ್ಮನ್ನ ಯಾವ ಯಂತ್ರ ಮುಚ್ಚುತ್ತೆ?"

ನಲ್ಲಿಗೆ ವಾಷರ್ ಹಾಕಿದೆ. ಈಗ ಹೆಚ್ಚು ಸೋರುತ್ತಿದೆ.

ಮಾರ್ಚ್ 17

ಹತ್ತೊಂಬತ್ತರ ಬೆಳಗ್ಗೆ ಗಿರಾಕಿಗಳ ಮುಂದೆ ಡೆಮೊ. ದೊಡ್ಡ ಪರದೆಯ ಮೇಲೆ ಮುಚ್ಚಿದ ದೂರು ಹಸಿರು, ತೆರೆದದ್ದು ಕೆಂಪು: ಅರವತ್ತೆರಡು ಹಸಿರು, ಒಂದು ಕೆಂಪು. ಕೆಂಪು ಭೂತಗನ್ನಡಿಯದು. ಸರಿಮಾಡಲು ಕನಿಷ್ಠ ಹತ್ತು ದಿನ. ಸ್ಟೇಟಸ್ ಪರದೆಯ ಮುಂದೆ ನಿಂತು, "ಎಲ್ಲ ಚೆನ್ನಾಗಿದೆ... ಅದೊಂದು ಕಣ್ಣಿಗೆ ಚುಚ್ಚುತ್ತೆ ಅಲ್ವಾ?" ಎಂದರು. ಮುಚ್ಚಿ ಎನ್ನಲಿಲ್ಲ. ಅಂಥ ಮಾತು ಅವರ ಬಾಯಲ್ಲಿ ಬರುವುದಿಲ್ಲ.

ಮಾರ್ಚ್ 19

ಡೆಮೊ ಆಯಿತು. ಪೂರ್ತಿ ಹಸಿರು. ಗಿರಾಕಿಗಳು ಪದ್ಯಕ್ಕೆ ನಕ್ಕರು. ಬಿಸ್ಕತ್ತು ಮೆತ್ತಗಾಗಿತ್ತು.

ಮಾರ್ಚ್ 24, ಮಧ್ಯಾಹ್ನ 3.30

ಒಂದು ಒಂಬತ್ತು ಮಹಡಿಯ ಕಟ್ಟಡದಲ್ಲಿ ಬೆಳಗ್ಗೆ ಕರೆಂಟ್ ಹೋಯಿತು. ಎರಡು ಲಿಫ್ಟ್ ನಿಂತವು. ಮೊದಲನೆಯದಕ್ಕೆ ಇಪ್ಪತ್ತು ನಿಮಿಷದಲ್ಲಿ ಮೆಕ್ಯಾನಿಕ್ ಬಂದ. ಎರಡನೆಯದರ ಕರೆ ಯಾರಿಗೂ ತಲುಪಲೇ ಇಲ್ಲ. ಒಳಗೆ ಒಬ್ಬರು ಟೀಚರ್, ಆಸ್ತಮಾ ಇದ್ದವರು. ಎರಡು ಗಂಟೆ ಹತ್ತು ನಿಮಿಷ. ಆಸ್ಪತ್ರೆಯಲ್ಲಿದ್ದಾರೆ. ಬದುಕುತ್ತಾರಂತೆ.

ಮಾರ್ಚ್ 26

ಮೀಟಿಂಗ್. ಭೂತಗನ್ನಡಿ ನಿನ್ನೆಯಷ್ಟೇ ರಜೆಯಿಂದ ಬಂದಿದ್ದಾಳೆ. ಸ್ಟೇಟಸ್ ಓದಿದರು: "ದೂರು ಇತ್ತು. ಟೆಸ್ಟರ್ ಕಡೆಯಿಂದ ಉತ್ತರ ಇಲ್ಲ. ಯಂತ್ರ ನಿಯಮದ ಪ್ರಕಾರ ಮುಚ್ಚಿದೆ. ಯಂತ್ರಕ್ಕೆ ನೋಟಿಸ್ ಕೊಡೋಕಾಗಲ್ಲ."

ಕೊಟ್ಟದ್ದು ಅವಳಿಗೆ. ನಾಳೆಯೇ ಕೊನೆಯ ದಿನ.

ಹೊರಗೆ ಕಾಫಿ ಮೆಷಿನ್ ಹತ್ತಿರ ಕೇಳಿದಳು, "ಹಿಡ್ಕೊಂಡಿರಿ ಅಂದಿದ್ದೆನಲ್ಲ?"

"ಮರೆತೆ."

"ಹೋಗ್ಲಿ ಬಿಡಿ. ನಾನೂ ಅಮ್ಮನ ಗಡಿಬಿಡೀಲಿ ಫೋನ್ ನೋಡ್ಲಿಲ್ಲ. ಯಂತ್ರದ ಮೇಲೆ ಏನ್ ಸಿಟ್ಟು ಮಾಡ್ಕೊಳ್ಳೋದು."

ಮಾರ್ಚ್ 27, ಸಂಜೆ 4.40

ಪಕ್ಕದ ಮೇಜು ಖಾಲಿಯಾಗುತ್ತಿದೆ. ಡ್ರಾಯರ್ ಎಳೆಯುವ ಸದ್ದು, ಟೇಪು ಹರಿಯುವ ಸದ್ದು.

ಮಹಾಜನಗಳೇ —

ಬೇಡ. ಇಲ್ಲಿ ಯಾರೂ ಇಲ್ಲ.

ಹನ್ನೆರಡರ ಸಂಜೆಯಿಂದ ಏಳು ದಿನ ಎಂದರೆ ಹತ್ತೊಂಬತ್ತರ ಸಂಜೆ. ದೂರು ಮುಚ್ಚಿದ್ದು ಹದಿನೆಂಟರ ಮಧ್ಯಾಹ್ನ ಮೂರಕ್ಕೆ. ಮೀಟಿಂಗಿನಲ್ಲಿ ಒಬ್ಬರೂ ಎಣಿಸಲಿಲ್ಲ. ಯಂತ್ರ ಎಣಿಕೆ ತಪ್ಪುವುದಿಲ್ಲ, ಬರೆದವನು ನಾನೇ. ಪದ್ಯವನ್ನು ಕಾಪಿ ಮಾಡಿ, ಅಂಟಿಸಿ, ಗುಂಡಿ ಒತ್ತಿದ್ದು ನನ್ನ ಕೈ. ಮರೆತಿರಲಿಲ್ಲ.

ಅವಳು ಎದ್ದಳು. ಪೆಟ್ಟಿಗೆಗೆ ಒಂದು ಕೈ ಕೊಡಿ ಎನ್ನುತ್ತಿದ್ದಾಳೆ. ಈಗ ಹೇಳದಿದ್ದರೆ