ತಾಳ ತಪ್ಪಿದ ಓಟದ ಗಾಡಿ

ಕೊಂಬೈ,
ಮಾಸಿ ತಿಂಗಳು, ಶುಕ್ರವಾರ, 1897

ಪ್ರೀತಿಯ ಮಾವಾ,

ಹುಟ್ಟಿದಾಗ ಅಮ್ಮನ ತಮ್ಮನೆಂದು ಮಾವ, ತಾಳಿ ಕಟ್ಟಿದ ಮೇಲೆ ಗಂಡನೆಂದೂ ಮಾವ. ಬೇರೆ ಕರೆಯಲು ನನಗೆ ಬರುವುದಿಲ್ಲ. ಮೈ ಹೇಗಿದೆ? ಕಡಲಾಚೆ ಕಂಡಿಯ ಚಹಾ ತೋಟದಲ್ಲಿ ಚಳಿ ಮೂಳೆ ಕೊರೆಯುತ್ತದಂತೆ, ಜಿಗಣೆ ಕಾಲು ಬಿಡುವುದಿಲ್ಲವಂತೆ. ರಾತ್ರಿ ಕಂಬಳಿ ಹೊದೆಯುತ್ತೀರಾ, ಇಲ್ಲ ಇಲ್ಲಿನ ಹಾಗೆ ಒದ್ದು ಮಲಗುತ್ತೀರಾ? ಈ ಕಾಗದ ಬರೆಯುತ್ತಿರುವವನು ನನ್ನ ತಮ್ಮ ವೇಲು. ನಮ್ಮ ಕನ್ನಡ ಮಾತನ್ನು ತಮಿಳಕ್ಷರದಲ್ಲಿ ಕೂರಿಸುತ್ತಿದ್ದಾನೆ, ಓದುವಾಗ ನಾಲಗೆಯನ್ನು ನೀವೇ ಹೊರಳಿಸಿಕೊಳ್ಳಿ. ಅವನೆದುರು ಎಲ್ಲವನ್ನೂ ಹೇಳಲಾಗದು, ಹೇಳುವ ಮೊದಲೇ ಹಲ್ಲು ಕಿರಿಯುತ್ತಾನೆ.

ಅಮ್ಮ ಚೆನ್ನಾಗಿದ್ದಾಳೆ. ಬೆಟ್ಟದಾಚೆಯ ಅಣೆಕಟ್ಟಿನ ನೀರು ಈ ವರ್ಷವೂ ಬಂತು, ಗದ್ದೆ ಹಸಿರಾಗಿದೆ. ನಿಮ್ಮ ನಾಯಿ ಇನ್ನೂ ಬುದ್ಧಿ ಕಲಿತಿಲ್ಲ. ನಾನು ಹುಲ್ಲು ಹೇರಿಕೊಂಡು ಬಂದರೂ ಗಾಡಿಯ ಟಕಟಕ ಸದ್ದಿಗೆ ಬೀದಿಯ ಕೊನೆಯವರೆಗೆ ಓಡಿ ಬರುತ್ತದೆ, ಮೇಲೆ ಕೂತವಳು ನಾನೆಂದು ಕಂಡು ಬಾಲ ಇಳಿಸಿ ಹಿಂತಿರುಗುತ್ತದೆ. ಅದನ್ನು ಬೈಯಲು ನನಗೆ ಬಾಯಿಲ್ಲ. ನಾನೂ ಒಂದು ಕಾಲದಲ್ಲಿ ಆ ಟಕಟಕ ಕೇಳಿಯೇ ಒಲೆಗೆ ಸೌದೆ ಒಡ್ಡುತ್ತಿದ್ದವಳು. ಈಗ ಯಾರಿಗೆಂದು ಒಡ್ಡಲಿ?

ನಿಮ್ಮ ಹಿಂದಿನ ಕಾಗದ ಕೇಳಿ ಎರಡು ದಿನ ನನಗೆ ಅನ್ನ ಸೇರಲಿಲ್ಲ. “ಎತ್ತುಗೆ ವಯಸಾಯ್ತು, ಸಂತೇಲಿ ಮಾರ್ಬುಡಿ. ಹೊಸ ಜೋಡಿಗೆ ಕಾಸು ಆಗೋಗಂಟ ನಾ ಬರಾಕಿಲ್ಲ” ಎಂದು ಬರೆಸಿದ್ದಿರಲ್ಲ. ಅಮ್ಮ ಒನಕೆ ಕೆಳಗಿಟ್ಟು, “ಎತ್ತು ಓಡ್ದಿದ್ರೆ ಇರ್ಲಿ, ಇವನ್ಯಾಕೆ ಕಡಲು ದಾಟಿ ಓಡ್ದಾ?” ಎಂದಳು. ಮಯಿಲೆ, ಸೆವಲೆ ಎರಡೂ ಕರುವಾಗಿದ್ದಾಗಿನಿಂದ ನನ್ನ ಕೈಯ ಗಂಜಿ ಕುಡಿದವು. ಮಾರುವ ಮೊದಲು ಅವುಗಳ ಕಾಲು ನಾನೇ ನೋಡಬೇಕೆಂದು ಹಟ ಹಿಡಿದೆ.

ನೀವು ಗಾಡಿಗೆ ಕಟ್ಟಿದ ಬಿದಿರು ನಾಲಗೆ ಹಾಗೆಯೇ ಇದೆ. ಗಾಲಿ ಒಂದು ಸುತ್ತು ಬಂದಾಗಲೆಲ್ಲ ಅದರ ಗೂಟ ನಾಲಗೆಗೆ ತಾಗಿ ಟಕ್ ಎನ್ನಬೇಕು. ಓಟ ಜೋರಾದರೆ ಉರುಮೆ ಡೋಲು ಬಡಿದಂತೆ ಕೇಳಬೇಕು. ನೀವು ಹೊರಡುವ ಮೊದಲೇ ಆ ಬಡಿತ ಜೋಲು ಬಿದ್ದಿತ್ತು. ಅದನ್ನು ಕೇಳಿ ಕೇಳಿ ಎತ್ತುಗಳ ಕಥೆ ಮುಗಿಯಿತೆಂದಿರಿ, ಪೊಂಗಲ್ ಓಟಕ್ಕೆ ಇಳಿಸದೆಯೇ ಸೋತಿರಿ. ನಾನು ಮೊದಲು ಬಿದಿರಿನ ಮೇಲೆ ಅನುಮಾನಪಟ್ಟು ಹೊಸದು ಸೀಳಿ ಕಟ್ಟಿಸಿದೆ. ಹಾಗೆಯೇ ಇತ್ತು. ಗೂಟ ಅಲ್ಲಾಡುತ್ತದೇನೋ ಎಂದು ಬಿಗಿ ಮಾಡಿಸಿದೆ, ಅಚ್ಚಿಗೆ ಹರಳೆಣ್ಣೆ ಕುಡಿಸಿದೆ. ಬಡಿತ ಬದಲಾಗಲಿಲ್ಲ. ಆಮೇಲೆ ಉತ್ತಮಪಾಳಯದ ದಾರಿಯಲ್ಲಿ ಒಂದು ಕುದುರೆ ಜಟಕಾ ಹಿಂದಿನಿಂದ ಬಂತು. ನಮ್ಮ ಜೋಡಿಗೆ ರೋಷ ಬಂದು, ಹುಣಸೆ ತೋಪು ಮುಗಿಯುವಷ್ಟರಲ್ಲಿ ಅದನ್ನು ಹಿಂದೆ ಹಾಕಿದವು. ನನ್ನ ಸೆರಗು ಹಾರಿ ಮುಖಕ್ಕೆ ಬಡಿಯುತ್ತಿತ್ತು, ಬಿದಿರು ಮಾತ್ರ ನಿದ್ದೆಗಣ್ಣಲ್ಲಿ ಟಕ್, ಟಕ್ ಎನ್ನುತ್ತಿತ್ತು. ಕುದುರೆಯನ್ನು ಸೋಲಿಸಿದ ಎತ್ತು ಮುದಿಯಾಗುವುದು ಹೇಗೆ?

ಸಂಜೆ ಗಾಡಿ ಹತ್ತುವಾಗ ಒಂದು ಯೋಚನೆ ಹೊಳೆಯಿತು. ಹಳ್ಳದಲ್ಲಿ ಮುರಿದು, ನೀವು ಹೊರಡುವ ಮೊದಲು ಜೋಡಿಯನ್ನೇ ಬದಲಿಸಿದಾಗ ಬಿಚ್ಚಿದ ಹಳೆಯ ಗಾಲಿ ಕೊಟ್ಟಿಗೆಗೆ ಒರಗಿಕೊಂಡೇ ಇತ್ತಲ್ಲ, ಕೋಳಿಗಳನ್ನು ಓಡಿಸಿ ಅದನ್ನು ಉರುಳಿಸಿ ತಂದು ಹೊಸದರ ಪಕ್ಕ ನಿಲ್ಲಿಸಿದೆ. ಹೊಸದು ಅರ್ಧ ಗೇಣು ಎತ್ತರ! ದೊಡ್ಡ ಗಾಲಿ ಅಷ್ಟೇ ದಾರಿಗೆ ಕಡಿಮೆ ಸುತ್ತು ಸುತ್ತುತ್ತದೆ, ಬಿದಿರೂ ಕಡಿಮೆ ಬಡಿಯುತ್ತದೆ. ಬಡಗಿ ಕರುಪ್ಪಯ್ಯನನ್ನು ಹಿಡಿದು ಕೇಳಿದರೆ, “ನೀರು ಬಂದು ಕೆಸರು ಜಾಸ್ತಿ ಆಯ್ತಲ್ಲಾ ತಾಯಿ, ಅದಕ್ಕೆ ವಸಿ ಎತ್ರ ಇಟ್ಟೆ. ಯಾರು ಕೇಳಿದ್ರು ಹೇಳಾಕೆ?” ಎಂದು ತಲೆ ಕೆರೆದುಕೊಂಡ. ಅವನನ್ನು ಬೈದು ಬಂದೆ, ದಾರಿಯಲ್ಲಿ ನಗುವೂ ಬಂತು, ಅಳುವೂ ಬಂತು. ಗಾಲಿಯನ್ನು ಒಮ್ಮೆ ಅಳೆದು ನೋಡುವುದು ಬಿಟ್ಟು ನೀವು ಕಡಲು ದಾಟಿಬಿಟ್ಟಿರಿ.

ಅಮ್ಮ ತನ್ನ ತಮ್ಮನನ್ನು, ನಿಮ್ಮನ್ನು, ಹರಸಿದ್ದಾಳೆ. ಜಿಗಣೆಗೆ ಸುಣ್ಣ ಹಚ್ಚಿಕೊಳ್ಳಿ.

ನಿಮ್ಮ ದಾರಿ ನೋಡುವ,
ಚಿನ್ನಮ್ಮಾಳ್

ಮತ್ತೆ: ವೇಲು ಎತ್ತುಗಳಿಗೆ ನೀರು ಕುಡಿಸಲು ಹೋದ. ನೀವು ಗಾಡಿ ಹಲಗೆಯ ಮೇಲೆ ಇದ್ದಿಲಿನಲ್ಲಿ ಕಲಿಸಿದ ಅಕ್ಷರಗಳು ಇವು, ಸೊಟ್ಟಗಿವೆ, ನಗಬೇಡಿ. ಆ ಯೋಚನೆ ಹೇಗೆ ಹೊಳೆಯಿತೆಂದು ಅವನೆದುರು ಹೇಳಲಿಲ್ಲ. ನೀವು ಹೋದಾಗಿನಿಂದ ಗಾಡಿ ಹತ್ತುವಾಗೆಲ್ಲ ನನ್ನ ಕಾಲು ಮೊದಲಿನಂತೆ ಎಟುಕುತ್ತಿರಲಿಲ್ಲ. ನೀವು ಬರುವಷ್ಟರಲ್ಲಿ ಮುದುಕಿಯಾಗುತ್ತೇನೆಂದು ಮರೆಯಲ್ಲಿ ಅತ್ತಿದ್ದೇನೆ. ಎತ್ತರವಾದದ್ದು ಗಾಲಿ, ಮಾವಾ. ಎತ್ತುಗಳಿಗೂ ವಯಸ್ಸಾಗಿಲ್ಲ, ನನಗೂ ಆಗಿಲ್ಲ. ಹೊಸ ಜೋಡಿ ಬೇಡ. ನಿಜವಾಗಿ ವಯಸ್ಸಾಗುವುದರೊಳಗೆ ಬಂದುಬಿಡಿ.