ಅಪ್ಪನ ಟೋಪಿ ಹೊತ್ತ ದಾರಿ

ಅಪ್ಪಾ,

ಶನಿವಾರ ನಿನ್ನ ಶವಯಾತ್ರೆ ಆಯಿತು. ದೋಣಿ ಮುಳುಗಿ, ನೀನು ಸಮುದ್ರದಲ್ಲೇ ಉಳಿದು ಇಷ್ಟು ವರ್ಷಗಳಾದ ಮೇಲೆ! ನೀನಿದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಊರಿನ ಮಕ್ಕಳನ್ನು ಕಟ್ಟಿಕೊಂಡು ಹಳೆಯ ಜಾಗಗಳನ್ನು ತೋರಿಸುತ್ತಾ ತಿರುಗುವುದು ಈಗ ನನ್ನ ಕೆಲಸ. ಈ ಸಲ ಗುಡ್ಡ ದಾಟಿ ಚರ್ಚಿನ ಸ್ಮಶಾನಕ್ಕೆ ಇಳಿಯುವ ಹೆಣದ ದಾರಿ ಹಿಡಿದೆವು. ಹಿಂದಿನವರು ಶವಪೆಟ್ಟಿಗೆ ಹೊತ್ತು ದಣಿದಲ್ಲಿ ಇಳಿಸಿ, ಒಂದು ಗುಟುಕು ವಿಸ್ಕಿ ಕುಡಿದು, ಸತ್ತವರ ಹೆಸರು ಹೇಳಿ ತಲಾ ಒಂದು ಕಲ್ಲಿಟ್ಟು ಮುಂದೆ ಹೋಗುತ್ತಿದ್ದರಲ್ಲ, ಆ ಕಲ್ಲುಗುಡ್ಡೆಗಳು ಈಗಲೂ ಇವೆ.

ನನ್ನ ಚೀಲದಲ್ಲಿ ನಿನ್ನ ಉಣ್ಣೆಯ ಟೋಪಿ ಇತ್ತು. ಅವ್ವ ಬದುಕಿರುವ ತನಕ ಅದನ್ನು ಬಾಗಿಲ ಹಿಂದಿನ ಮೊಳೆಯಿಂದ ತೆಗೆಯಲು ಬಿಡಲಿಲ್ಲ. ಈಗ ಸ್ಮಶಾನದಲ್ಲಿ ಅವಳ ಗೋರಿಯ ಪಕ್ಕದಲ್ಲೇ ಅದನ್ನು ಮಣ್ಣು ಮಾಡಿ ಬರೋಣ ಎಂದುಕೊಂಡಿದ್ದೆ. ನಿನಗೂ ಒಂದು ಜಾಗ ಬೇಡವೇ? ನನಗೆ ಮಕ್ಕಳಿಲ್ಲ. ನಾನು ಹೋದ ಮೇಲೆ ನಿನ್ನ ಹೆಸರು ಎತ್ತುವವರೇ ಇರುವುದಿಲ್ಲ ಎಂಬ ಸಂಕಟ ಒಳಗೊಳಗೇ ಕೊರೆಯುತ್ತಿತ್ತು.

"ಹೆಣಾನೇ ಇಲ್ದೆ ಎಂಥ ಹೆಣದ ದಾರಿ ಮಿಸ್?" ಎಂದಳು ಮೀರೆನ್, ಬೇಕರಿಯವರ ಮೊಮ್ಮಗಳು, ಬಾಯಿಬಡುಕಿ. ತಡೆಯಲಾರದೆ ಟೋಪಿಯ ವಿಷಯ ಹೇಳಿಬಿಟ್ಟೆ. ಅಷ್ಟೇ ಸಾಕಾಯಿತು. ಬುತ್ತಿಯ ಬುಟ್ಟಿ ಬರಿದಾಗಿ ತಿಂಡಿಯೆಲ್ಲ ಜೇಬು ಸೇರಿತು, ಟೋಪಿ ಬುಟ್ಟಿ ಸೇರಿತು. ಎರಡು ಕೋಲು ತೂರಿಸಿ ನಾಲ್ವರು ಹೆಗಲು ಕೊಟ್ಟರು.

"ನಿಮ್ಮಪ್ಪ ಏನ್ ತಿಂತಿದ್ರು ಮಿಸ್, ಇಷ್ಟು ಭಾರ?" ಎಂದ ಹೆಗಲು ಕೊಟ್ಟವರಲ್ಲೊಬ್ಬನಾದ ರೋರಿ, ಏದುಸಿರು ಬಿಡುವ ನಾಟಕ ಮಾಡುತ್ತಾ.

"ಒಳಗಿರೋದು ಬರೀ ಟೋಪಿ ಕಣೋ."

"ಹಾಗಾದ್ರೆ ತಲೇನೇ ಭಾರ ಇತ್ತು ಬಿಡಿ."

ಗುಡ್ಡದ ಮೇಲೆ ಬುಟ್ಟಿ ಇಳಿಸಿ, ವಿಸ್ಕಿಯ ಬದಲು ಶುಂಠಿ ಪಾನಕ ಕುಡಿದರು. ಒಬ್ಬೊಬ್ಬರೂ "ಮುರ್ಡೋ ಮೆಕ್‌ಫೇಲ್" ಎಂದು ಹೇಳಿ ಕಲ್ಲಿಟ್ಟರು. ನಿನ್ನ ಹೆಸರನ್ನು ಬೇರೆಯವರ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತು! ಆಮೇಲೆ ಹೋ ಎಂದು ಇಳಿಜಾರಿನಲ್ಲಿ ಓಡಿದರು, ಅವರ ಹಿಂದೆ ನೋಯುವ ಮಂಡಿಯಲ್ಲಿ ಕುಂಟುತ್ತಾ ನಾನು. ಸ್ಮಶಾನದ ಗೇಟಿನ ಬಳಿ ನಿಂತು ನೋಡಿದರೆ ಬುಟ್ಟಿಯೇ ಇಲ್ಲ. ನಿನ್ನನ್ನು ಗುಡ್ಡದ ಮೇಲೇ ಬಿಟ್ಟು ಬಂದಿದ್ದೆವು! ಕುಡಿದ ಮತ್ತಿನಲ್ಲಿ ಮುದುಕ ಫರ್ಕರ್‌ನ ಶವಪೆಟ್ಟಿಗೆಯನ್ನೇ ದಾರಿಯಲ್ಲಿ ಮರೆತು ಬಂದವರ ಕಥೆ ನೀನೇ ಹೇಳುತ್ತಿದ್ದೆಯಲ್ಲ, ಅದನ್ನು ಮಕ್ಕಳಿಗೂ ಹೇಳಿದೆ.

"ಅವ್ರು ಕುಡಿದು ಮರೆತ್ರು, ನಾವು ಕುಡೀದೇನೇ ಮರೆತ್ವಲ್ಲ," ಎಂದು ರೋರಿ ತಲೆ ಕೆರೆದುಕೊಂಡ. ಇರಲಿ, ಇನ್ನೊಂದು ದಿನ ನಾನೇ ತರುತ್ತೇನೆ ಎಂದರೂ ಕೇಳದೆ, ನನ್ನನ್ನು ಗೇಟಿನ ಬಳಿ ಕೂರಿಸಿ ಮಕ್ಕಳೆಲ್ಲ ಮತ್ತೆ ಗುಡ್ಡ ಹತ್ತಿ ನಿನ್ನನ್ನು ಹೊತ್ತು ತಂದರು. ದಾರಿಯುದ್ದಕ್ಕೂ ಬುಟ್ಟಿಯ ಬಳಿ ಕ್ಷಮೆ ಕೇಳಿದರಂತೆ.

ಅವ್ವನ ಪಕ್ಕ ಟೋಪಿ ಹೂತು ಮಣ್ಣು ಮುಚ್ಚಿ ಎದ್ದಾಗ ಮೀರೆನ್ ನನ್ನ ತೋಳು ಹಿಡಿದು ಹೇಳಿದಳು: "ಮುಂದಿನ ವರ್ಷ ಮೇಲೆ ಕಲ್ಲಿಡೋಕೆ ನಾವೇ ಹೋಗ್ತೀವಿ ಮಿಸ್. ನಿಮ್ಮ ಮಂಡಿಗೆ ಆಗಲ್ಲ. ಮುರ್ಡೋ ಮೆಕ್‌ಫೇಲ್ ಅಲ್ವಾ, ಗೊತ್ತಿದೆ."

ತಣ್ಣಗಿರು ಎಂದು ಹಾರೈಸಲಾರೆ ಅಪ್ಪಾ, ಆ ಸಮುದ್ರದಲ್ಲಿ ನಿನಗೆ ಸಾಕಷ್ಟು ಚಳಿಯಾಗಿದೆ. ಇನ್ನು ಅವ್ವನ ಪಕ್ಕ ಬೆಚ್ಚಗಿರು.

ನಿನ್ನ ಮಗಳು,
ಎಫಿ