ಎರಡಾಳ ಗಾಳಿ

ದುವ, ನೀಗೊಂಬೊ
೧೯೭೪ ಜೂನ್ ೯

ಮೊಮ್ಮಗ ಎಲಾರಿಸನಿಗೆ,

ದೇವಮಾತೆ ನಿನ್ನನ್ನೂ ನಿನ್ನ ದೋಣಿಯನ್ನೂ ಕಾಯಲಿ. ನಿನ್ನ ಕಾಗದ ಬಂದು ಹುಣ್ಣಿಮೆಯೊಂದು ಕಳೆಯಿತು. ತಡವಾದದ್ದಕ್ಕೆ ಕಣ್ಣಿನ ಪೊರೆಯನ್ನು ದೂರಬಹುದಿತ್ತು. ಸುಳ್ಳು ಯಾಕೆ, ಬರೆಯಲು ಮನಸ್ಸಿರಲಿಲ್ಲ.

ಇಲ್ಲಿ ಕಡಲು ಕೆರಳಿದೆ, ದೋಣಿಗಳೆಲ್ಲ ಮರಳ ಮೇಲೆ. ನಿನ್ನ ಅಣ್ಣ ಮಾರ್ಸಲಿನ್ ಸತ್ತು ವರ್ಷವಾದರೂ ಬ್ರಿಜಿಟಾ ಕಪ್ಪು ಬಟ್ಟೆ ಬಿಟ್ಟಿಲ್ಲ. ಬಾವಿಕಟ್ಟೆಯಲ್ಲಿ ಹೆಂಗಸರು, "ಕುಡಿದು ಕಡಲಿಗೆ ಬಿದ್ದ ಗಂಡನಿಗೆ ಇನ್ನೂ ಯಾಕಮ್ಮ ಕಪ್ಪು?" ಎಂದರಂತೆ. ಹೋಗಿ ಬಾಯಿ ಮುಚ್ಚಿಸಿ ಬಂದೆ. "ಈ ಮುದುಕಿ ನಾಲಿಗೇನ ಹಾಯಿಗೆ ಕಟ್ಟಿದ್ರೆ ಗಾಳೀನೇ ಬೇಡ" ಎಂದು ಬೆನ್ನ ಹಿಂದೆ ನಕ್ಕರು. ನಗಲಿ.

ನೀನಿರುವ ಕೊಕ್ಕಿಲಾಯಲ್ಲಿ ಗಾಳಿ ಜೋರು, ದೋಣಿ ಮಗುಚದಂತೆ ಪಕ್ಕದ ದಿಮ್ಮಿಯ ಮೇಲೆ ನಿಲ್ಲಲು ನಂಬುವ ಆಳಿಲ್ಲ, ತಮ್ಮ ಕಮಿಲಸ್‌ನನ್ನು ಕಳಿಸು ಎಂದು ಬರೆದಿದ್ದೀಯ. ಅವನೋ ಚೀಲ ಹೆಗಲಿಗೇರಿಸಿ ನಿಂತಿದ್ದ.

"ಅಣ್ಣ ಕರೀತಾನೆ ಆಚ್ಚಿ, ಹೋಗ್ಲಾ?"

"ಅಲ್ಲಿ ಎಷ್ಟಾಳ ಗಾಳಿಯಂತೆ?"

"ಎರಡಾಳ ಗಾಳಿ. ದಿಮ್ಮಿ ಮೇಲೆ ಇಬ್ರು ನಿಲ್ಬೇಕಂತೆ."

"ದಿಮ್ಮಿ ಮೇಲೆ ಇಬ್ರೂ ನಿಂತ್ರೆ ಹಾಯಿಹಗ್ಗ ಯಾರ ಕೈಲಿ? ನಿಮ್ಮಪ್ಪ ಗೋರಿಯಿಂದ ಎದ್ದು ಬಂದು ಹಿಡೀತಾನಾ?"

ಚೀಲ ಕೆಳಗಿಟ್ಟ.

ನಿಮ್ಮ ತಾತ ಹೇಳುತ್ತಿದ್ದದ್ದು ಮರೆತೆಯಾ? ಗಾಳಿಗೆ ತಕ್ಕ ಆಳಿಲ್ಲದಿದ್ದರೆ ಹಾಯಿ ಇಳಿಸು. ಅಂಗೈ ಸುಲಿದರೂ ಹಗ್ಗ ಕೈಯಲ್ಲೇ ಇರಲಿ, ಗಾಳಿ ಬಡಿದ ಕೂಡಲೇ ಸಡಿಲ ಬಿಡು. ಅಲ್ಲಿ ಈಗ ಗಾಳಿ ನೆಲದ ಕಡೆಯಿಂದ ಬೀಸುತ್ತದೆ. ದಡ ಕಣ್ಣಿಗೆ ಕಾಣುವಷ್ಟು ದೂರವೇ ಹೋಗು.

ಕಮಿಲಸ್ ಬರುವುದಿಲ್ಲ. ಇನ್ನೊಮ್ಮೆ ಕೇಳಬೇಡ. ಹೊತ್ತಿಗೆ ಸರಿಯಾಗಿ ಉಣ್ಣು, ಜಪಮಾಲೆ ಬಿಡಬೇಡ. ನೀನೂ ನಾನು ಸಾಕಿದ ಕೂಸೇ. ನಿನಗೆ ಕೇಡು ಬಯಸಲು ನನ್ನ ಕೈಲಾಗದು.

ನಿನ್ನ ಆಚ್ಚಿ,
ಎಂಗಲ್ತೀನಾ

ಕೊನೆಗೊಂದು ಮಾತು: ಕಳಿಸಿರುವ ಒಣಮೀನಿನ ಪೊಟ್ಟಣದ ತಳದಲ್ಲಿ ಹಗ್ಗದ ತುಂಡೊಂದಿದೆ. ಅಂದು ಊರೆಲ್ಲ ಮಾರ್ಸಲಿನ್‌ನ ಹೆಣದ ಸುತ್ತ ಅಳುತ್ತಿತ್ತು. "ಅಣ್ಣ ಕುಡಿದಿದ್ದ ಫಾದರ್, ದಿಮ್ಮಿಯಿಂದ ಕಾಲು ಜಾರ್ತು" ಎಂದು ನೀನು ಪಾದ್ರಿಗೆ ಹೇಳುತ್ತಿದ್ದೆ. ನಾನು ಹಾಯಿ ಬಿಚ್ಚಲು, ನೀವಿಬ್ಬರೇ ಕಡಲಿಗಿಳಿಸಿದ್ದ ಆ ದೋಣಿಗೆ ಹೋದೆ. ಹಾಯಿಹಗ್ಗವನ್ನು ಅಡ್ಡಹಲಗೆಗೆ ಬಿಗಿದು ಕಟ್ಟಿತ್ತು. ದಿಮ್ಮಿಯ ಮೇಲೆ ನಿಂತವನ ಕೈ ಅಲ್ಲಿಗೆ ಎಟಕುವುದಿಲ್ಲ. ಬೀಡಿ ಹಚ್ಚಲು ಕಟ್ಟಿದೆಯೋ, ಕೈ ನೋಯಿತೆಂದು ಕಟ್ಟಿದೆಯೋ, ನಿನಗೇ ಗೊತ್ತು. ಬಿಚ್ಚಲು ಬರಲಿಲ್ಲ, ಗಂಟಿನ ಸಮೇತ ಕತ್ತರಿಸಿ ತಂದಿಟ್ಟೆ. ಬ್ರಿಜಿಟಾಗೆ ತೋರಿಸಿಲ್ಲ.

ಅವನಿಗೆ ಅಂದು ನೆಗಡಿ. ಹೊರಡುವ ಮುಂಚೆ ಅವನು ಕುಡಿದದ್ದು ನಾನು ಕಾಯಿಸಿಕೊಟ್ಟ ಕೊತ್ತಂಬರಿ ಕಷಾಯ, ಎಲಾರಿಸ್.